ಬಾಣ ಹೋದ ಕಡೆಗೆ

ಮೊದಲನೆಯದಕ್ಕೆ ಐದು ಪಿನ್ನು.
ಹಸಿರು, ಕೆಂಪು, ಹಳದಿ, ಮತ್ತೆ ಹಸಿರು, ಮತ್ತೆ ಕೆಂಪು,
ಒಂದೊಂದಕ್ಕೂ ಒಂದೊಂದು ದೂರ.
ನಲವತ್ತೇಳರ ನನ್ನ ಕಣ್ಣಿಗೆ ಸಂಜೆ ಐದೂವರೆಯ ಮೇಲೆ
ಅವು ಒಂಬತ್ತಾಗುತ್ತವೆ.
ಯಾವ ಮಿಣುಕನ್ನು ನಂಬಲಿ
ಎಂದು ಯೋಚಿಸುವಷ್ಟರಲ್ಲಿ
ಹೆದೆ ಎಳೆದ ಭುಜ ನಡುಗಿ ಬೈಯುತ್ತದೆ.

ಎರಡನೆಯದು ಚಂದ ಉಂಟು.
ಗರಿಯಷ್ಟು ಹಗುರ, ಕಪ್ಪು ಬಣ್ಣ, ಡಬ್ಬಿಯೊಳಗೆ ಮಖಮಲ್ಲು.
ಮಲ್ಪೆಯ ಗಾಳಿಯಲ್ಲಿ ಒಂದು ಮಳೆಗಾಲ ಕಳೆಯಿತು,
ಸ್ಕ್ರೂ ಇದ್ದಲ್ಲೆಲ್ಲ ಬಿಳಿ ಹೂ ಬಿಟ್ಟಿತು.
ಉಪ್ಪು ಕಚ್ಚಿದರೆ ಬಿಡುವುದಿಲ್ಲ.
ಅಲೆನ್ ಕೀ ಹಾಕಿ ತಿರುವಿದೆ, ತಿರುವಿದೆ,
ಕೀಯ ಮೂಲೆಗಳೇ ಸವೆದು ದುಂಡಗಾದವು.

ಐಸ್ ಪ್ಲಾಂಟಿನಲ್ಲಿ ಲೆಕ್ಕ ಬರೆಯುತ್ತೇನೆ. ಅದರ ಹಿಂದೆ ನನ್ನ ಕಾಡು:
ನಲವತ್ತು ಮೀಟರು ಸಿಮೆಂಟು ನೆಲ, ಎರಡು ಗಾಳಿಮರ,
ಮತ್ತೊಂದು ಹಂದಿ.
ಸ್ಪಂಜಿನದ್ದು. ಒಂದು ಕೋರೆ ಮುರಿದಿದೆ.
ಬೇಟೆಯ ಬಿಲ್ಲು ಹಿಡಿದು ನಾನು ಇದುವರೆಗೆ ಕೊಂದದ್ದು
ಇದೊಂದನ್ನೇ, ಸುಮಾರು ಹನ್ನೊಂದು ಸಾವಿರ ಸಲ.
ನಾನಿಲ್ಲದಾಗ ಅದರ ಬೆನ್ನ ಮೇಲೆ ಕಾಗೆ ಕೂತು
ಬೂತಾಯಿಯ ತಲೆ ತಿನ್ನುತ್ತದೆ.

ದಕ್ಕೆಯ ಗೇಟಿಗೆ ಎದುರು ವಾಮನ ಕುಂದರರ ಲೇತ್ ಶೆಡ್ಡು.
ಬೋಟಿನ ಶಾಫ್ಟು ಕಡೆಯುವವರು
ನನ್ನ ಸೈಟನ್ನು ಎರಡು ಬೆರಳಲ್ಲಿ ಎತ್ತಿ
ಹಳಸಿದ ಸಿಗಡಿಯನ್ನು ನೋಡುವ ಹಾಗೆ ನೋಡಿದರು.
"ಇದನ್ನು ಮಾಡಿದವ ಸಮುದ್ರ ಕಂಡವ ಅಲ್ಲ ಮಾರಾಯ್ತಿ.
ಪಿನ್ ಎಷ್ಟು ಬೇಕು?"
ಒಂದು.
"ಸರಿಸುವುದು?"
ಬೆರಳಲ್ಲೇ ಆಗಬೇಕು, ಕೀ ಹುಡುಕಲಿಕ್ಕೆ ಪುರುಸೊತ್ತಿಲ್ಲ.
ಮತ್ತೆ, ಬಿದ್ದರೆ ಮುರಿಯಬಾರದು,
ಬಿಲ್ಲು ನಡುಗಿದರೆ ಸಡಿಲ ಆಗಬಾರದು.
"ಸಡಿಲವೂ ಆಗಬಾರದು, ಬಿಗಿಯೂ ಆಗಬಾರದು.
ಸಂಬಂಧ ಹುಡುಕಲಿಕ್ಕೆ ಬಂದ ಹಾಗೆ ಕೇಳ್ತೀರಿ ನೀವು."

ಹಿತ್ತಾಳೆಯ ಸಿಪ್ಪೆ ಸುರುಳಿ ಸುರುಳಿ ಬೀಳುವಾಗ ಹೇಳಿದರು:
ಜಿಪಿಎಸ್ ಇಲ್ಲದ ಕಾಲಕ್ಕೆ ಅವರ ದೊಡ್ಡಣ್ಣ
ಕಡಲೊಳಗಿನ ಕಲ್ಲನ್ನು ಹಿಡಿಯುತ್ತಿದ್ದದ್ದು
ದೀಪದ ಕಂಬವನ್ನು ಹಂಚಿನ ಕಾರ್ಖಾನೆಯ ಚಿಮಣಿಯ ಹಿಂದೆ ಅಡಗಿಸಿ.
ಒಂದರ ಹಿಂದೆ ಒಂದು ನಿಂತರೆ
ದೋಣಿಯ ಅಡಿಯಲ್ಲೇ ಮೀನು.
"ಚಿಮಣಿ ಕೆಡವಿದರು. ಕಲ್ಲು ಈಗಲೂ ಅಲ್ಲೇ ಉಂಟು,
ನಮಗೆ ಸಿಗುವುದಿಲ್ಲ ಅಷ್ಟೆ."

ಮೊದಲನೆಯದರಿಂದ ಒಂದು ಹಸಿರು ಪಿನ್ನು ಕಿತ್ತು ಕೂರಿಸಿದರು.
ತೂಕ ಜಾಸ್ತಿ. ಎಡಗೈ ಒಂದು ವಾರ ದೂರು ಹೇಳಿತು.
ಚಕ್ರದ ಅಂಚಿಗೆ ಸಣ್ಣ ಸಣ್ಣ ಗೀರು, ಬೆವರಿದ ಹೆಬ್ಬೆರಳೂ ಜಾರದು;
ಗೀರಿಗೊಂದು ಟಿಕ್,
ಕತ್ತಲಲ್ಲೂ ಎಣಿಸಬಹುದು.

ಮೊದಲ ಬಾಣ ಎಡಕ್ಕೆ ಹೋಯಿತು, ತಗ್ಗಿ, ಹಂದಿಯ ಹಿಂಗಾಲಿಗೆ.
ಬುದ್ಧಿ ಹೇಳುತ್ತದೆ: ಪಿನ್ನನ್ನು ಬಲಕ್ಕೆ ಎಳೆ.
ಬುದ್ಧಿಯ ಮಾತು ಕೇಳಬಾರದು.
ಬಾಣ ಎಡಕ್ಕೆ ಹೋದರೆ ಪಿನ್ನೂ ಎಡಕ್ಕೆ,
ಬಾಣ ತಗ್ಗಿದರೆ ಪಿನ್ನೂ ತಗ್ಗಬೇಕು,
ತಪ್ಪಿದ ಕಡೆಗೇ ಒಂದಿಷ್ಟು ನಡೆದು
ಅಲ್ಲಿಂದ ನೋಡಬೇಕು.
ಇಷ್ಟು ತಿಳಿಯಲಿಕ್ಕೆ ಆರು ವರ್ಷ ಹಿಡಿಯಿತು ನನಗೆ.
ತಂಗಿ ರೇವತಿಯ ಹತ್ತಿರ ಮಾತು ಬಿಟ್ಟದ್ದು ಅದಕ್ಕೂ ಮೊದಲು.

ಎಡಕ್ಕೆ ಮೂರು ಟಿಕ್. ಕೆಳಕ್ಕೆ ಒಂದು.
ಒಳಗೆ ಮಂಜುಗಡ್ಡೆ ಪುಡಿ ಮಾಡುವ ಯಂತ್ರ ಹಲ್ಲು ಕಡಿಯುತ್ತಿದೆ,
ಲಾರಿಯೊಂದು ನೀರು ಸುರಿಸುತ್ತ ಹೊರಟಿದೆ.
ಒಂದೇ ಹಸಿರು ಚುಕ್ಕಿ,
ಚುಕ್ಕಿಯ ಹಿಂದೆ ಹಂದಿ, ಹಂದಿಯ ಹಿಂದೆ ಗಾಳಿಮರ.
ಕಾಗೆ ಬೆನ್ನಿನಿಂದ ಇನ್ನೂ ಎದ್ದಿಲ್ಲ.
ಅದು ಏಳಲಿ ಎಂದು ಕಾಯುತ್ತೇನೆ,
ಹೆದೆಯನ್ನು ಕೆನ್ನೆಗೆ ತಾಗಿಸಿಕೊಂಡು.